ಹಗರೆಯ ಹನ್ನೊಂದು ಹೆಸರುಗಳು

"ಈ ಹೆಸರು ನಡೆಯಲ್ಲ."

ಅನಂತನಾಥ ತ್ರಿಶಲಾಳಿಗೆ ಆಡಿದ ಮೊದಲ ಮಾತು ಇದು.

1988ರ ಫೆಬ್ರವರಿ. ಅರಸೀಕೆರೆಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಕಣ್ಣಿನ ಆಸ್ಪತ್ರೆಯ ಹಿಂದಿನ ಕೋಣೆ. ಹೊಸದಾಗಿ ಬಂದ ಕಂಪ್ಯೂಟರಿನ ಮುಂದೆ ತ್ರಿಶಲಾ ಉಸಿರು ಬಿಗಿಹಿಡಿದು ಕೂತಿದ್ದಳು. ನಾಲ್ಕು ವರ್ಷ ಆಸ್ಪತ್ರೆಯ ರಿಜಿಸ್ಟರು ಬರೆದವಳು ಅವಳು. ಅವಳ ಅಕ್ಷರ ನೋಡಿ ಡಾಕ್ಟರ್ ಶಾಂತಾದೇವಿಯವರು ಹೊಸಬರಿಗೆಲ್ಲ "ಹೀಗೆ ಬರೀಬೇಕು" ಎಂದು ತೋರಿಸುತ್ತಿದ್ದರು. ಈಗ ಬೆನ್ನ ಹಿಂದೆ ಯಾರೋ ನಿಂತು, ಅವಳು ಟೈಪ್ ಮಾಡಿದ್ದು ತಪ್ಪು ಎನ್ನುತ್ತಿದ್ದಾನೆ...

ತಿರುಗಿ ನೋಡಿದಳು. ಎಣ್ಣೆ ಹಚ್ಚಿ ಬಾಚಿದ ಕೂದಲು, ಮಡಿಸಿದ ತೋಳು, ನಗದ ಮುಖ. ಕಂಪ್ಯೂಟರಿನ ಕೆಲಸಕ್ಕೆಂದೇ ಆಸ್ಪತ್ರೆಯವರು ನೇಮಿಸಿಕೊಂಡಿದ್ದ ಅನಂತನಾಥ. ಅದೇ ಊರಿನವನು, ಬೆಂಗಳೂರಲ್ಲಿ ಓದಿ ಬಂದವನು.

ಫೈಲಿನ ಹೆಸರು ಎಂಟು ಅಕ್ಷರ ಮೀರಬಾರದು, ನಡುವೆ ಜಾಗ ಬಿಡಬಾರದು ಎಂದು ಅವನು ವಿವರಿಸಿದ. ಜಾಗ ಬಿಟ್ಟರೆ ಯಂತ್ರ ಅದನ್ನು ಎರಡು ಹೆಸರು ಎಂದುಕೊಳ್ಳುತ್ತದಂತೆ.

'ಮೊದಲನೇ ದಿನವೇ ತಪ್ಪು ಹುಡುಕಿದ' ಎಂದು ಅವಳಿಗೆ ಸಿಟ್ಟು ಬಂತು. ಆದರೆ ಅವನು ಅಲ್ಲಿಂದ ಹೋದಮೇಲೂ ಅವನ ದನಿ ಕಿವಿಯಲ್ಲೇ ಉಳಿದಿತ್ತು.

ಏಪ್ರಿಲ್ ಬರುವಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನು ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಅವಳು ಒಂದು ಊರಿನ ಪಟ್ಟಿ ಪೂರ್ತಿ ಟೈಪ್ ಮಾಡಿ ಮುಗಿಸಿದಾಗ, ಕ್ಯಾಂಟೀನಿನಿಂದ ಎರಡು ಲೋಟ ಕಾಫಿ ತಂದು ಒಂದನ್ನು ಅವಳ ಪಕ್ಕ ಇಟ್ಟು ಹೋಗುತ್ತಿದ್ದ. ಅಷ್ಟೇ. ಆ ಲೋಟದ ಬಿಸಿ ಆರುವವರೆಗೂ ತ್ರಿಶಲಾ ಅದನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದಳು.

ವಾರವೆಲ್ಲ ಅವಳು ಅರಸೀಕೆರೆಯಲ್ಲಿ ಚಿಕ್ಕಮ್ಮ ಶೀಲಾವತಿಯ ಮನೆಯಲ್ಲಿರುತ್ತಿದ್ದಳು. ಶನಿವಾರ ಜಾವಗಲ್ ಮೇಲಿನ ಬಸ್ಸು ಹಿಡಿದು ಹಳೇಬೀಡಿನ ತನ್ನ ಮನೆಗೆ ಹೋಗುವಾಗ, ಭಾನುವಾರ ಯಾಕಾದರೂ ಬರುತ್ತದೋ ಎನಿಸುತ್ತಿತ್ತು.

ಸಂಜೆ ಐದೂವರೆಗೆ ಅವಳಿಗೊಂದು ಖಾಯಂ ಕೆಲಸ. ಕಂಪ್ಯೂಟರಿಗೆ ಫ್ಲಾಪಿ ಹಾಕಿ 'ಬ್ಯಾಕಪ್' ಎಂದು ಟೈಪ್ ಮಾಡಬೇಕು. ಅನಂತನಾಥ ಬರೆದಿಟ್ಟ ಆದೇಶಗಳು ಒಂದರ ಹಿಂದೊಂದು ನಡೆದು, ಒಂದೊಂದೇ ಊರಿನ ರೋಗಿಗಳ ಪಟ್ಟಿ ಫ್ಲಾಪಿಗೆ ನಕಲಾಗುತ್ತಿತ್ತು. ಹೊಸ ಊರು ಸೇರಿದರೆ ಅದರ ಹೆಸರು ತಾನಾಗಿಯೇ ಆ ಆದೇಶಗಳಲ್ಲಿ ಸೇರಿಕೊಳ್ಳುತ್ತಿತ್ತು. ಎಲ್ಲ ಮುಗಿದಮೇಲೆ ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ 'ಸರಿಯಾಗಿದೆ' ಎಂದು ಬರೆದು ಸಹಿ ಮಾಡಬೇಕು.

ಜೂನ್ ಮೊದಲ ವಾರ ಬೇಲೂರಿನ ಕಡೆಯ ಹಗರೆಯಲ್ಲಿ ಎರಡನೇ ಸಲ ಕಣ್ಣಿನ ಶಿಬಿರ ನಡೆಯಿತು. ಅದರ ಮರುದಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ತ್ರಿಶಲಾ ನಿಂತುಬಿಟ್ಟಳು. ಒಳಗೆ ಅನಂತನಾಥನ ದನಿ.

"ಇಷ್ಟು ಕೆಲಸ ತ್ರಿಶಲಾ ಕೈಲಿ ಆಗಲ್ಲ ಮೇಡಂ. ಇನ್ನೊಬ್ಬರನ್ನ ನೋಡಿ."

ಮುಂದೆ ಏನು ಹೇಳಿದನೋ ಅವಳು ಕೇಳಲಿಲ್ಲ. ಕಾಲು ತಾನಾಗಿಯೇ ಹಿಂದೆ ಸರಿದಿತ್ತು.

'ನನ್ನನ್ನು ತೆಗೆಸುತ್ತಿದ್ದಾನೆ... ಕಾಫಿ ತಂದಿಡುತ್ತಾ, ಒಳಗೊಳಗೇ ನನ್ನನ್ನು ಕಳಿಸುವ ಯೋಚನೆ ಮಾಡುತ್ತಿದ್ದನೇ?'

ಆ ಮಧ್ಯಾಹ್ನ ಕಣ್ಣು ಮಂಜಾಗುತ್ತಿದ್ದರೂ ಅವಳು ಹಗರೆಯ ನಲವತ್ತಮೂರು ಜನರ ವಿವರ ಒಂದೇ ಸಮನೆ ಟೈಪ್ ಮಾಡಿದಳು. ಅವರಲ್ಲಿ ಹನ್ನೊಂದು ಜನರಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿತ್ತು. ಒಂದು ತಿಂಗಳಿಗಾಗುವಷ್ಟು ಹನಿ ಔಷಧಿ ಕೊಟ್ಟಿದ್ದರು. ಅದು ಮುಗಿಯುವಷ್ಟರಲ್ಲಿ ಕಾಗದ ಹಾಕಿ ಕರೆಸಿಕೊಳ್ಳಬೇಕಿತ್ತು. ಕೊನೆಗೆ ಫೈಲಿಗೆ ಹೆಸರು ಕೊಟ್ಟಳು: ಹಗರೆ, ಆಮೇಲೊಂದು ಜಾಗ, ಆಮೇಲೆ ಎರಡು. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು. ವಿವರ ತುಂಬಿಸಿದ ಚೀಟಿಗಳನ್ನು ಎಂದಿನಂತೆ ಹರಿದು ಹಾಕಿದಳು.

ಸಂಜೆ ಬ್ಯಾಕಪ್ ನಡೆಯುವಾಗ ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು. 'ಇನ್‌ವ್ಯಾಲಿಡ್ ಫೈಲ್ ನೇಮ್.' ಫೈಲಿನ ಹೆಸರು ಸರಿಯಿಲ್ಲ, ನಕಲಾಗಲಿಲ್ಲ ಎಂದು ಅರ್ಥ. ಅದರ ಹಿಂದೆಯೇ ಉಳಿದ ಊರುಗಳು ನಕಲಾಗುತ್ತಾ ಆ ಸಾಲನ್ನು ಮೇಲಕ್ಕೆ ತಳ್ಳಿಬಿಟ್ಟವು.

ಮೊದಲನೇ ದಿನವೇ ಹೇಳಿಕೊಟ್ಟ ಪಾಠ. ಅದನ್ನೇ ತಪ್ಪಿದ್ದಾಳೆ. ಈಗ ಹೋಗಿ ಹೇಳಿದರೆ? 'ನೋಡಿದಿರಾ ಮೇಡಂ, ನಾನು ಹೇಳಲಿಲ್ಲವೇ' ಎನ್ನುತ್ತಾನೆ.

ಅವಳು ತಾನೇ ಸರಿಮಾಡಲು ನೋಡಿದಳು. ಹೆಸರು ಬದಲಿಸುವ ಆದೇಶ ಕೊಟ್ಟರೆ ಮತ್ತೆ ಅದೇ ಸಾಲು. ಅಳಿಸಲು ಹೋದರೂ ಅದೇ ಸಾಲು. ಫೈಲು ಪಟ್ಟಿಯಲ್ಲಿ ಕಾಣುತ್ತದೆ, ಕರೆದರೆ ಬರುವುದಿಲ್ಲ.

ನೋಟುಬುಕ್ಕಿನಲ್ಲಿ 'ಸರಿಯಾಗಿದೆ' ಎಂದು ಬರೆದು ಸಹಿ ಮಾಡಿದಳು. ನಾಳೆ ಹೇಳೋಣ ಎಂದುಕೊಂಡಳು.

ನಾಳೆಯೂ ಹೇಳಲಿಲ್ಲ. ಒಮ್ಮೆ ಅನಂತನಾಥನೇ ಬ್ಯಾಕಪ್ ಸರಿಯಾಗಿ ಆಗುತ್ತಿದೆಯಾ ಎಂದು ಕೇಳಿದ. ಅವಳು ತಲೆ ಎತ್ತದೆ ಹೂಂ ಎಂದಳು. ಹೀಗೆ ಹತ್ತೊಂಬತ್ತು ಸಂಜೆ, ಹತ್ತೊಂಬತ್ತು ಸಹಿ.

ಇಪ್ಪತ್ತನೇ ಕೆಲಸದ ದಿನ ಕರೆಂಟು ಹೋಗಿ ಬಂದ ರಭಸಕ್ಕೆ ಕಂಪ್ಯೂಟರಿನ ಡಿಸ್ಕು ಸುಟ್ಟಿತು.

ಹೊಸ ಡಿಸ್ಕು ಬಂತು. ಫ್ಲಾಪಿಯಿಂದ ಹಾರನಹಳ್ಳಿ ಬಂತು, ಜಾವಗಲ್ ಬಂತು, ಬೇಲೂರು ಬಂತು. ಹಗರೆಯ ಎರಡನೇ ಶಿಬಿರ ಮಾತ್ರ ಬರಲಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಷಡಕ್ಷರಪ್ಪನವರು ಎಲ್ಲರನ್ನೂ ಕರೆಸಿದರು. ಬ್ಯಾಕಪ್ಪಿನ ಪ್ರೋಗ್ರಾಮು ಬರೆದವರು ಯಾರು ಎಂದು ಕೇಳಿದರು. ಅನಂತನಾಥ ಎದ್ದು ನಿಂತ.

"ನಾನು. ತಪ್ಪು ನನ್ನ ಪ್ರೋಗ್ರಾಮಿನದು. ಜವಾಬ್ದಾರಿನೂ ನಂದೇ."

ನೋಟುಬುಕ್ಕು ಅವನ ಕೈಯಲ್ಲೇ ಇತ್ತು. ಅದನ್ನು ಅವನು ತೆರೆಯಲಿಲ್ಲ. ಎದ್ದೇಳು, ಎದ್ದೇಳು ಎಂದು ತ್ರಿಶಲಾಳನ್ನು ಒಳಗಿನಿಂದ ಯಾರೋ ತಳ್ಳುತ್ತಿದ್ದರು. ಅವಳು ಏಳಲಿಲ್ಲ.

ಮರುದಿನವೇ ಅವನು ಕೆಲಸ ಬಿಟ್ಟ. ಹೋಗುವ ಮುಂಚೆ ಅವಳ ಮೇಜಿನ ಬಳಿ ಬಂದು, ಮಧ್ಯಾಹ್ನದ ರೈಲಿಗೆ ದಾವಣಗೆರೆಗೆ ಹೋಗುತ್ತಿದ್ದೇನೆ, ಅಲ್ಲಿ ಸ್ನೇಹಿತನ ಹತ್ತಿರ ಏನೋ ಕೆಲಸವಿದೆ ಎಂದ. ಒಂದು ಗಳಿಗೆ ಅಲ್ಲೇ ನಿಂತ. ಅವಳೇನಾದರೂ ಹೇಳುತ್ತಾಳೇನೋ ಎಂಬಂತೆ.

ಅವಳು ಕಾಗದ ಜೋಡಿಸುತ್ತಿದ್ದಳು.

ಅದಾದ ಮೊದಲ ಭಾನುವಾರ ತ್ರಿಶಲಾ ಹಳೇಬೀಡಿನಿಂದ ಹಗರೆಗೆ ಬಸ್ಸು ಹತ್ತಿದಳು. ಟೈಪ್ ಮಾಡಿದ ಹೆಸರುಗಳಲ್ಲಿ ಆರೇಳು ನೆನಪಿದ್ದವು. ಹಾಲಿನ ಡೇರಿಯ ಮುಂದೆ ನಿಂತು, ಕ್ಯಾನು ಹಿಡಿದು ಬಂದವರನ್ನೆಲ್ಲ ಕೇಳಿದಳು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಪ್ರತಿ ಭಾನುವಾರ ಹೋದಳು. ಒಬ್ಬೊಬ್ಬರಾಗಿ ಹತ್ತು ಜನ ಸಿಕ್ಕರು. ಸಿಕ್ಕವರನ್ನು ಕೈಹಿಡಿದು ಆಸ್ಪತ್ರೆಗೆ ಕರೆತಂದಳು. ಎಂಥ ಸೇವೆ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆ ಅವಳಿಗೆ ಚುಚ್ಚಿದಂತಾಗುತ್ತಿತ್ತು.

ಹನ್ನೊಂದನೆಯವರು ರಂಗಮ್ಮ. ಬೇರೆ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದವರು ಸೆಪ್ಟೆಂಬರಿನಲ್ಲಿ ಸಿಕ್ಕರು. ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ತ್ರಿಶಲಾ ಎಡಕ್ಕೆ ನಿಂತಿದ್ದರೂ ಅವರು ಅವಳನ್ನು ಬಲಕ್ಕೆ ಹುಡುಕಿದರು.

"ಈ ಕಣ್ಣು ಓಗೈತೆ ಕಣವ್ವ," ಎಂದರು ಸಹಜವಾಗಿ. "ಔಸ್ದಿ ಮುಗುದ್ಮೇಲೆ ಕಾಗ್ದ ಬತ್ತೈತೆ ಅಂದಿದ್ರು. ಬರ್ನಿಲ್ಲ. ನಾನೇ ಎಸ್ರು ಸರ್ಯಾಗಿ ಬರ್ಸ್ನಿಲ್ವೇನೋ ಅಂತ ಸುಮ್ಕಾದೆ. ನನ್ದೇ ತೆಪ್ಪು."

ತಪ್ಪು ನನ್ನದು ಎಂದು ತ್ರಿಶಲಾ ಆಗಲೂ ಹೇಳಲಿಲ್ಲ. ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಇನ್ನೇನೂ ಮಾಡುವಂತಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಹಳೇಬೀಡಿನ ಜೈನರ ಮನೆಗಳವರೆಲ್ಲ ಬಸದಿಯಲ್ಲಿ ಸೇರಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ತ್ರಿಶಲಾ ಎಲ್ಲರಲ್ಲೂ ಕ್ಷಮೆ ಕೇಳಿದಳು. ವರ್ಷಗಳಿಂದ ರೂಢಿಯಾದ ಮಾತು, ಸರಾಗವಾಗಿ ಬರುತ್ತಿತ್ತು. ಆಮೇಲೆ ಅಮ್ಮ ರಾಜಮತಿ ಎದುರು ಬಂದು ಮಗಳಿಗೇ ಕೈಮುಗಿದರು.

"ಏನಾದ್ರೂ ನೋಯಿಸಿದ್ರೆ ಕ್ಷಮಿಸವ್ವ. ಮೂರು ತಿಂಗಳಿಂದ ನೀನು ಸರಿಯಾಗಿ ಉಣ್ತಿಲ್ಲ. ನನ್ನಿಂದ ಏನಾಯ್ತೋ ಗೊತ್ತಾಗ್ತಿಲ್ಲ."

ಅಮ್ಮನೂ ತನ್ನದೇ ತಪ್ಪು ಎನ್ನುತ್ತಿದ್ದಾಳೆ! ರಂಗಮ್ಮ, ಅನಂತನಾಥ, ಈಗ ಅಮ್ಮ... ತಾನೊಬ್ಬಳು ಮಾತ್ರ ಯಾರ ಮುಂದೆಯೂ ಆ ಮಾತು ಆಡಿಲ್ಲ.

ಅಮ್ಮನ ಕೈ ಹಿಡಿದು, ಅಲ್ಲೇ ಕಂಬದ ಪಕ್ಕ ಎಲ್ಲವನ್ನೂ ಹೇಳಿದಳು. ಮರುದಿನ ಡಾಕ್ಟರ್ ಶಾಂತಾದೇವಿಯವರ ಮುಂದೆ ನೋಟುಬುಕ್ಕು ಇಟ್ಟು, ಹತ್ತೊಂಬತ್ತು ಸಹಿಗಳನ್ನೂ ಒಂದೊಂದಾಗಿ ತೋರಿಸಿದಳು.

ಡಾಕ್ಟರು ಎಲ್ಲವನ್ನೂ ನೋಡಿ ನೋಟುಬುಕ್ಕು ಮುಚ್ಚಿದರು. ನಿನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಟ್ರಸ್ಟು ತೀರ್ಮಾನಿಸಲಿ ಎಂದರು. ಅಷ್ಟರವರೆಗೆ ಆ ಬ್ಯಾಕಪ್ಪನ್ನು ಸರಿಮಾಡು, ಇನ್ನೊಬ್ಬ ರಂಗಮ್ಮ ಆಗಬಾರದು ಎಂದರು. ಆಮೇಲೆ ಬೀರುವಿನಿಂದ ದಪ್ಪ ಕೈಪಿಡಿಯೊಂದನ್ನು ತೆಗೆದುಕೊಟ್ಟರು.

ತ್ರಿಶಲಾ ಬೇಕೆಂದೇ ಜಾಗ ಬಿಟ್ಟ ಹೆಸರಿನ ಫೈಲೊಂದನ್ನು ಮಾಡಿದಳು. ಬ್ಯಾಕಪ್ ನಡೆಸಿದಳು. ಅದೇ ಸಾಲು ಬಂತು. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ. ಮೂರು ದಿನ ಕೈಪಿಡಿ ಓದಿದಳು. ನಾಲ್ಕನೇ ದಿನ ಒಂದು ವಾಕ್ಯ ಸಿಕ್ಕಿತು: ಯಾವ ಅಕ್ಷರ ಎಂದು ಹೇಳಲಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು. ಜಾಗ ಇದ್ದಲ್ಲಿ ಆ ಚಿಹ್ನೆ ಹಾಕಿ ಹೆಸರು ಬದಲಿಸಿದಳು. ಫೈಲು ತಕ್ಷಣ ಒಪ್ಪಿತು.

ಅಷ್ಟೇ. ಒಂದೇ ಒಂದು ಚಿಹ್ನೆ. ಜೂನಿನಲ್ಲಿ ಬಾಯಿಬಿಟ್ಟು ಕೇಳಿದ್ದರೆ ಅವನು ಅರ್ಧ ನಿಮಿಷದಲ್ಲಿ ಮಾಡಿಕೊಡುತ್ತಿದ್ದ. ಅವಳು ಮೇಜಿಗೆ ತಲೆಯಾನಿಸಿ ಅತ್ತಳು.

ಆಮೇಲೆ ಬ್ಯಾಕಪ್ಪಿನ ಪ್ರತಿ ಸಾಲಿನ ಕೆಳಗೂ ಇನ್ನೊಂದು ಸಾಲು ಸೇರಿಸಿದಳು. ಒಂದು ಫೈಲು ಫ್ಲಾಪಿಯಲ್ಲಿ ಸಿಗದಿದ್ದರೂ ಕೆಲಸ ಅಲ್ಲೇ ನಿಂತು ಆ ಊರಿನ ಹೆಸರು ತೋರಿಸಬೇಕು, ಹಾಗೆ. ಅದು ಸರಿಹೋದ ದಿನ ಡಾಕ್ಟರ ಹತ್ತಿರ ವಿಳಾಸ ಕೇಳಿ ಪಡೆದು ದಾವಣಗೆರೆಗೆ ಕಾಗದ ಬರೆದಳು. ಎಲ್ಲವನ್ನೂ ಬರೆದಳು. ಕ್ಷಮೆಯನ್ನು ಮಾತ್ರ ಬರೆಯಲಿಲ್ಲ. ಅದನ್ನು ಎದುರು ನಿಂತು ಕೇಳಬೇಕಿತ್ತು.

ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ ಎಂದು ಕಾರ್ಡು ಬಂತು.

ಅರಸೀಕೆರೆ ಜಂಕ್ಷನ್ನಿನಲ್ಲಿ ಜನ ಇಳಿದು ಚದುರಿದ ಮೇಲೆ, ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಪಕ್ಕ ಅನಂತನಾಥ ಒಬ್ಬನೇ ನಿಂತಿದ್ದ. ಸ್ವಲ್ಪ ಸೊರಗಿದ್ದ. ತ್ರಿಶಲಾ ಹತ್ತಿರ ಹೋಗಿ ಕೈಮುಗಿದಳು.

"ತಿಳಿದೇ ಮಾಡಿದ ತಪ್ಪು. ತಿಳಿಯದೆ ಅಲ್ಲ. ಕ್ಷಮಿಸಿ ಅನ್ನೋ ಯೋಗ್ಯತೆನೂ..."

"ನಂಗೆ ಗೊತ್ತಿತ್ತು," ಎಂದ ಅವನು.

ಅವಳು ತಲೆ ಎತ್ತಿದಳು.

ಡಿಸ್ಕು ಸುಡುವ ಹಿಂದಿನ ವಾರದ ಫೈಲುಗಳ ಪಟ್ಟಿಯ ಒಂದು ಪ್ರಿಂಟು ತನ್ನ ಹತ್ತಿರ ಇತ್ತು ಎಂದ. ಡಿಸ್ಕು ಸುಟ್ಟಮೇಲೆ ತೆಗೆದು ನೋಡಿದಾಗ ಜಾಗ ಬಿಟ್ಟ ಹೆಸರು ಅದರಲ್ಲಿ ಕಂಡಿತ್ತಂತೆ. ತನ್ನ ಪ್ರೋಗ್ರಾಮು ಅಂಥ ಹೆಸರನ್ನು ಒಪ್ಪಲೇಬಾರದಿತ್ತು. ಪ್ರಿಂಟು ತೆಗೆದ ದಿನವೇ ತಾನು ಅದನ್ನು ಓದಬೇಕಿತ್ತು. ಮಡಿಸಿ ಜೇಬಿಗಿಟ್ಟು ಮರೆತಿದ್ದನಂತೆ.

"ಅದಕ್ಕೇ ನಿಮ್ಮ ಹೆಸರು ಹೇಳಲಿಲ್ಲ. ದೊಡ್ಡತನ ಅಂದ್ಕೋಬೇಡಿ. ಕೋಪ ಇತ್ತು. ನೀವು ಬಂದು ಹೇಳ್ತೀರ ಅಂತ ಆವತ್ತು ಇದೇ ಬೆಂಚಲ್ಲಿ ಕೂತು ಎರಡು ರೈಲು ಬಿಟ್ಟೆ."

ತಾನು ಕಾಗದ ಜೋಡಿಸುತ್ತಿದ್ದ ಆ ಮಧ್ಯಾಹ್ನ... ಇವನು ಇಲ್ಲಿ...

"ನನ್ನ ತೆಗೆದು ಬೇರೆಯವರನ್ನ ಹಾಕಿಸ್ತಿದ್ದೀರ ಅಂದ್ಕೊಂಡಿದ್ದೆ," ಎಂದಳು ತಡವರಿಸುತ್ತಾ. "ಇನ್ನೊಬ್ಬರನ್ನ ನೋಡಿ ಅಂತ ಡಾಕ್ಟರ್ ಹತ್ರ ಹೇಳಿದ್ರಲ್ಲ, ಬಾಗಿಲಲ್ಲಿ ಕೇಳಿಸ್ತು."

ಅನಂತನಾಥ ಅವಳನ್ನೇ ನೋಡಿದ. "ನಿಮಗೆ ಸಹಾಯಕ್ಕೆ ಇನ್ನೊಬ್ಬರು, ತ್ರಿಶಲಾ. ನೀವು ಒಬ್ಬರೇ ಕಣ್ಣು ಕೆಂಪು ಮಾಡ್ಕೊಂಡು ಟೈಪ್ ಮಾಡೋದನ್ನ ನೋಡಕ್ಕಾಗ್ತಿರಲಿಲ್ಲ ನನಗೆ."

ಒಂದು ಮಾತಿಗೆ ಅರ್ಧ ಕಿವಿ ಕೊಟ್ಟು ಎಷ್ಟೆಲ್ಲ ಕಳೆದುಕೊಂಡೆ ಎಂದು ಅವಳಿಗೆ ಆಗ ಅರಿವಾಯಿತು.

ಮರುದಿನ ಇಬ್ಬರೂ ಹಗರೆಗೆ ಹೋದರು. ರಂಗಮ್ಮನ ಜಗಲಿಯಲ್ಲಿ ಕೂತು, ಅವರಿಗೆ ಅರ್ಥವಾಗುವ ಹಾಗೆ ತ್ರಿಶಲಾ ಎಲ್ಲವನ್ನೂ ಹೇಳಿದಳು. ಹೆಸರು ನೀವು ಸರಿಯಾಗಿಯೇ ಬರೆಸಿದ್ದಿರಿ, ಕಳೆದದ್ದು ನಾನು ಎಂದಳು. ರಂಗಮ್ಮ ಬೈಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ. ಕೊನೆಗೆ ಔಷಧಿಯ ಬಾಟಲಿ ಚಾಚಿ, "ಬಲಗಣ್ಣಿಗೆ ಬುಡು, ಒತ್ತಾತು," ಎಂದರು. ತ್ರಿಶಲಾ ಅವರ ಗಲ್ಲ ಹಿಡಿದು ಎರಡು ಹನಿ ಬಿಟ್ಟಳು.

ಹಳೇಬೀಡಿನ ಬಸ್ಸಿಗೆ ಕಾಯುತ್ತಾ ಇಬ್ಬರೂ ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಟ್ರಸ್ಟು ಏನು ತೀರ್ಮಾನಿಸುತ್ತದೋ ಇನ್ನೂ ಗೊತ್ತಿಲ್ಲ ಎಂದು ಅವಳು ಹೇಳಿದಳು.

"ನಿಮ್ಮ ಮನೆಗೆ ಬಂದು ನಿಮ್ಮ ತಂದೆಯವರ ಹತ್ರ ಮಾತಾಡಬೇಕು ಅಂತಿದ್ದೀನಿ," ಎಂದ ಅನಂತನಾಥ. "ನೀವು ಒಪ್ಪಿದ್ರೆ."

ಎಷ್ಟೋ ತಿಂಗಳಿಂದ ಬಯಸಿದ್ದ ಮಾತು. ಆದರೆ ಮನಸ್ಸು ಹಗುರಾಗಲಿಲ್ಲ.

"ನನ್ನಿಂದ ಒಬ್ಬರ ಕಣ್ಣು ಹೋಗಿದೆ. ಅದು ಯಾವತ್ತೂ ಸರಿಹೋಗಲ್ಲ. ಅಂಥವಳ ಜೊತೆ..."

"ನಮ್ಮಿಬ್ಬರಿಂದ," ಎಂದ ಅವನು.

ಬೇಲೂರಿನ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ತ್ರಿಶಲಾ ಕಣ್ಣೊರೆಸಿಕೊಂಡು ಎದ್ದಳು.

"ಮುಂದಿನ ಭಾನುವಾರಾನೂ ರಂಗಮ್ಮನಿಗೆ ಔಷಧಿ ತರಬೇಕು."

"ತರೋಣ."

"ಅದರ ಮುಂದಿನ ಭಾನುವಾರಾನೂ."

"ಅವರಿಗೆ ಬೇಕಾಗಿರೋ ತನಕ ತರೋಣ," ಎಂದು ಅವನು ಕೈ ಚಾಚಿದ.

ಅವಳು ಹಿಡಿದುಕೊಂಡಳು.