ಮಾಯಾಮೀನನ್ನು ಎಳೆದ ರಾಟೆ

ಬಹಳ ಬಹಳ ಹಿಂದೆ, ಸಮುದ್ರದ ಜೀವಿಗಳಿಗೆಲ್ಲ ಮಾತು ಬರುತ್ತಿದ್ದ ಕಾಲದಲ್ಲಿ, ಪಡುಗರೆ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಮೀನು ಹಿಡಿಯುವವರು. ಮನೆಯಲ್ಲಿ ಚಿನ್ನವಿಲ್ಲದಿದ್ದರೂ ನಡೆಯುತ್ತಿತ್ತು, ಗಾಳದ ರಾಟೆ ಇಲ್ಲದ ಮನೆಗೆ ಮಾತ್ರ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಎರಡು ದಪ್ಪ ಹಲಗೆಗಳ ಚೌಕಟ್ಟು, ನಡುವೆ ಮರದ ಚಕ್ರ, ಚಕ್ರಕ್ಕೆ ಸುತ್ತಿದ ಹಗ್ಗ, ಹೊರಗೆ ತಿರುಗಿಸುವ ಹಿಡಿ. ಇದೇ ರಾಟೆ. ಅಜ್ಜ ಮಾಡಿದ್ದನ್ನು ಮೊಮ್ಮಕ್ಕಳು ತಿರುಗಿಸುತ್ತಿದ್ದರು, ಎಣ್ಣೆ ಹಚ್ಚುತ್ತಿದ್ದರು, ಕುಂಕುಮ ಇಡುತ್ತಿದ್ದರು. ಆದರೆ ಒಮ್ಮೆ ಕೂಡಿಸಿದ ಚೌಕಟ್ಟನ್ನು ಯಾರೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಹಿರಿಯರ ಕೆಲಸದಲ್ಲಿ ತಪ್ಪು ಹುಡುಕಿದಂತೆ ಎಂದು ಅವರೆಲ್ಲರ ನಂಬಿಕೆ.

ಆ ರಾಜ್ಯಕ್ಕೆ ಕರಿಜಟ ಎಂಬ ಮಾಂತ್ರಿಕ ಬಂದ. ದೋಣಿಗೆ ಇಳಿಯುವ ಮೊದಲು ತನ್ನ ಕಾಲಿಗೆ ಬೀಳಬೇಕು ಎಂದ. ಪಡುಗರೆಯವರು ಬಾಗುವ ಜನವೇ? ಬಿದ್ದುಬಿದ್ದು ನಕ್ಕರು. ಕರಿಜಟನಿಗೆ ಮೈಯೆಲ್ಲ ಉರಿಯಿತು. ಸಮುದ್ರಕ್ಕೆ ಒಂದು ಹಿಡಿ ಬೂದಿ ಎರಚಿದ. ಬೂದಿಯಿಂದ ತೆಂಗಿನ ಮರಕ್ಕಿಂತ ಉದ್ದದ ಮೀನು ಎದ್ದಿತು. ಅದು ನುಂಗಿದವರು ಸಾಯುತ್ತಿರಲಿಲ್ಲ, ಅದರ ಮೈಮೇಲೆ ಹುರುಪೆಗಳಾಗಿ ಅಂಟಿಕೊಳ್ಳುತ್ತಿದ್ದರು.

"ಈ ಮೀನನ್ನು ಬಾಲದ ತುದಿಯವರೆಗೂ ಒಣ ಮರಳಿಗೆ ಎಳೆದರೆ ನಿಮ್ಮವರು ನಿಮಗೆ. ಹುಣ್ಣಿಮೆಯ ದಿನ ಸೂರ್ಯ ಮುಳುಗಿದರೆ ಹುರುಪೆಗಳೆಲ್ಲ ಕಲ್ಲು," ಎಂದು ಕರಿಜಟ ಸಾರಿದ.

ಹುರುಪೆಯಾದವರಲ್ಲಿ ಜಟ್ಟು ಒಬ್ಬ. ತಂದೆತಾಯಿ ಇಲ್ಲದ ತುಳಸುವನ್ನು ಎತ್ತಿ ಆಡಿಸಿದ ಅಣ್ಣ ಅವನು. ಅವಳಿಗೆ ಉಳಿದವನು ದೊಡ್ಡಪ್ಪ ಬೀರಯ್ಯ ಒಬ್ಬನೇ.

ತುಳಸು ಅಜ್ಜನ ರಾಟೆಯನ್ನು ದಂಡೆಯಲ್ಲಿ ಹೂಳಿ ನಿಲ್ಲಿಸಿದಳು. ಆ ಮೀನಿಗೆ ಹಲಸಿನ ಹಣ್ಣೆಂದರೆ ಪ್ರಾಣ. ಗಾಳಕ್ಕೆ ಇಡೀ ಹಣ್ಣು ಸಿಕ್ಕಿಸಿ ಎಸೆದಳು. ಮೀನು ಕಚ್ಚಿತು. ದೊಡ್ಡಪ್ಪನೂ ಅವಳೂ ಹಿಡಿ ತಿರುಗಿಸಿದರು.

"ಎಳಿಯೇ ಹುಡುಗಿ, ಎಳಿ! ನಿನ್ನ ಅಣ್ಣನ ಪಕ್ಕ ಜಾಗ ಇಟ್ಟಿದ್ದೇನೆ!" ಎಂದು ಕರಿಜಟ ಬಂಡೆಯ ಮೇಲೆ ಕುಣಿದ.

ಚೌಕಟ್ಟು ಕಿರ್ರೆಂದಿತು. ಅದನ್ನು ಹಿಡಿದಿದ್ದ ಬಿದಿರಿನ ಗೂಟಗಳು ಪಟಪಟ ಹಾರಿದವು. ಹಲಗೆ ವಾಲಿತು, ಚಕ್ರ ಸಿಕ್ಕಿಕೊಂಡಿತು, ಮೀನು ಗಾಳ ಕೊಡವಿಕೊಂಡು ಹೋಯಿತು.

"ಹಗ್ಗ ದಪ್ಪ ಇರಬೇಕಿತ್ತು," ಎಂದ ದೊಡ್ಡಪ್ಪ.

"ಹಗ್ಗ ತುಂಡಾಗಲಿಲ್ಲ ದೊಡ್ಡಪ್ಪ. ಗಾಳವೂ ಸರಿ ಉಂಟು. ಚೌಕಟ್ಟೇ ಸೋತದ್ದು. ದಪ್ಪ ಹಗ್ಗ ಕಟ್ಟಿದರೆ ಇನ್ನೂ ಬೇಗ ಸೋಲ್ತದೆ."

"ಹಾಗಾದರೆ ಎಂತ ಮಾಡ್ತಿ?"

"ಬಿಚ್ತೇನೆ."

ಬೀರಯ್ಯನ ಮುಖ ಕೆಂಪಾಯಿತು. "ನನ್ನಪ್ಪನ ರಾಟೆ ಬಿಚ್ಚುವಷ್ಟು ದೊಡ್ಡವಳಾದಿಯಾ ಮಾರಾಯ್ತಿ?" ಎಂದು ಎದ್ದು ಹೋದ. ತುಳಸುವಿಗೆ ಅಳು ಬಂತು. ಉಳಿದ ಗೂಟಗಳನ್ನು ಅಳುತ್ತಲೇ ಕಿತ್ತಳು. ಅಣ್ಣ ಕಲ್ಲಾಗುವುದನ್ನು ನೋಡುತ್ತ ಕೂರುವುದಕ್ಕಿಂತ ಬೈಸಿಕೊಳ್ಳುವುದು ಮೇಲು ಎನಿಸಿತು.

ಗೂಟಗಳ ಜಾಗದಲ್ಲಿ ಉದ್ದುದ್ದ ಕಬ್ಬಿಣದ ಮೊಳೆ ಹೊಡೆದು, ಊರಿನ ಹೆಂಗಸರನ್ನು ಕೂಡಿಸಿಕೊಂಡು ಎರಡನೆಯ ಸಲ ಎಳೆದಳು. ಈ ಬಾರಿ ಮೀನಿನ ತಲೆ ಮರಳಿಗೆ ಬಂತು. ಕಿವಿರಿನ ಪಕ್ಕದ ಹುರುಪೆಯೊಂದು, "ತಂಗೀ, ಇನ್ನೊಂಚೂರು!" ಎಂದು ಕೂಗಿತು. ಅಣ್ಣನ ದನಿ! ತುಳಸು ಮೈಯ ಬಲವೆಲ್ಲ ಹಾಕಿ ತಿರುಗಿಸಿದಳು.

"ಎಳಿಯೇ ಹುಡುಗಿ, ಎಳಿ! ನಿನ್ನ ಅಣ್ಣನ ಪಕ್ಕ ಜಾಗ ಇಟ್ಟಿದ್ದೇನೆ!" ಎಂದ ಕರಿಜಟ.

ಮೀನು ಒಮ್ಮೆ ಜಗ್ಗಿತು. ಮೊಳೆಗಳು ಹೋದ ದಾರಿಯಲ್ಲೇ ನೆಟ್ಟಗೆ ಹೊರಬಂದವು, ಹಲಗೆಗಳೆರಡೂ ಸೀಳಿದವು. ಮೀನು ನೀರಿಗೆ ಜಾರಿತು.

ಹುಣ್ಣಿಮೆಗೆ ಇನ್ನು ಎರಡೇ ದಿನ. ತುಳಸು ದಂಡೆಯಲ್ಲಿ ತಲೆ ಹಿಡಿದು ಕೂತಳು. ಎದುರಿಗೆ ಒಂದು ಕಡಲಕ್ಕಿ, ಚೂಪಾದ ಸುರುಳಿ ಚಿಪ್ಪಿನೊಳಗೆ ಮನೆ ಮಾಡಿದ್ದ ಏಡಿಯನ್ನು ಕಚ್ಚಿ ಎಳೆಯುತ್ತಿತ್ತು. ಎಷ್ಟು ಎಳೆದರೂ ಏಡಿ ಬರಲಿಲ್ಲ. ತುಳಸು ಹಕ್ಕಿಯನ್ನು ಓಡಿಸಿದಳು.

ಏಡಿ ಕಣ್ಣು ಹೊರಗೆ ಚಾಚಿತು. "ನೀನು ಓಡಿಸದಿದ್ದರೂ ನಾನೇನು ಬರ್ತಿರಲಿಲ್ಲ. ನನ್ನ ಮನೆ ತಿರುಚಿಕೊಂಡು ಉಂಟು, ನಾನೂ ತಿರುಚಿಕೊಂಡು ಕೂತಿದ್ದೇನೆ. ನೆಟ್ಟಗೆ ಎಳೆದರೆ ನಮ್ಮಪ್ಪನಾಣೆ ಬರುವವನಲ್ಲ!"

ಏನು ಜಂಬ ಅದಕ್ಕೆ! ತುಳಸು ಚಿಪ್ಪನ್ನೇ ನೋಡಿದಳು. ಬುಡದಿಂದ ತುದಿಯವರೆಗೆ ಉಬ್ಬಿದ ಗೆರೆಯಂತೆ ಸುತ್ತಿಕೊಂಡು ಹೋದ ಏಣು. ಮೊಳೆಯ ಮೈಮೇಲೂ ಇಂಥದೇ ಏಣು ಇದ್ದರೆ?

"ಏಡಿಯಣ್ಣ, ನಿನ್ನ ಮನೆಯ ಅಚ್ಚು ತೆಗೆದುಕೊಳ್ಳಲಾ?"

"ತಗೋ. ಯಾರ ಮನೆಯದು ಅಂತ ನಾಲ್ಕು ಜನಕ್ಕೆ ಹೇಳು," ಎಂದಿತು ಏಡಿ.

ಹಸಿ ಜೇಡಿಮಣ್ಣಿಗೆ ಚಿಪ್ಪನ್ನು ಒತ್ತಿ ಒತ್ತಿ ಅಚ್ಚು ಮಾಡಿದಳು. ಕಬ್ಬಿಣ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ಕಂಚೇ ಆಗಬೇಕು. ಮನೆಯಲ್ಲಿದ್ದ ಕಂಚಿನ ಚೆಂಬು, ಸೌಟು ಕರಗಿಸಿದರೂ ಸಾಲಲಿಲ್ಲ. ಆಗ ಬೀರಯ್ಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಅವನ ಅಪ್ಪ ಉಣ್ಣುತ್ತಿದ್ದ ಕಂಚಿನ ಬಟ್ಟಲು.

"ಇದನ್ನೂ ಹಾಕು," ಎಂದ. "ನಿನ್ನೆ ಜಟ್ಟು ಕೂಗಿದ್ದು ನನಗೂ ಕೇಳ್ತು. ರಾಟೆ ಇಟ್ಟುಕೊಂಡು ನಾನೆಂತ ಮಾಡಲಿ, ಹುಡುಗನೇ ಇಲ್ಲದ ಮೇಲೆ?"

ಇಬ್ಬರೂ ಕೂತು ಕೆಲಸ ಮಾಡಿದರು. ಸೀಳಿದ ಹಲಗೆಗಳ ಬದಲಿಗೆ ಹೊನ್ನೆ ಮರದ ಹಲಗೆ ಬಂತು. ಎರಡೂ ಹಲಗೆಗಳನ್ನು ಬಿಗಿದು ಹಿಡಿಯಲು ಕಂಚಿನ ಅಡ್ಡಪಟ್ಟಿಗಳು. ಪಟ್ಟಿಯ ಮೂಲಕ ಮರದೊಳಕ್ಕೆ ತಿರುಗಿ ತಿರುಗಿ ಇಳಿಯುವ ತಿರುಪುಮೊಳೆಗಳು. ಮೊಳೆಯ ತಲೆ ಪಟ್ಟಿಯ ತೂತಿನೊಳಕ್ಕೆ ಜಾರದಂತೆ ಕೆಳಗೊಂದು ಅಗಲದ ಬಿಲ್ಲೆ. ನಡುವೆ ಅಜ್ಜ ಕಡೆದ ಚಕ್ರ ಹಾಗೆಯೇ ಉಳಿಯಿತು. ಕೊನೆಯ ತಿರುಪನ್ನು ದೊಡ್ಡಪ್ಪ ಹಲ್ಲು ಕಚ್ಚಿ ಬಿಗಿದ. ಆಮೇಲೆ ಚೌಕಟ್ಟನ್ನು ಅಲುಗಾಡಿಸಲು ನೋಡಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮುದುಕನ ಎದೆ ಉಬ್ಬಿತು.

ಹುಣ್ಣಿಮೆಯ ಸಂಜೆ ಮೂರನೆಯ ಸಲ ಗಾಳ ಬಿತ್ತು. ಮೀನು ಕಚ್ಚಿತು.

"ಎಳಿಯೇ ಹುಡುಗಿ, ಎಳಿ! ನಿನ್ನ ಅಣ್ಣನ ಪಕ್ಕ..."

"ಎಳೀತೇನೆ, ನೋಡ್ತಾ ನಿಲ್ಲು!" ಎಂದಳು ತುಳಸು.

ಊರೇ ಹಿಡಿಗೆ ಕೈ ಹಾಕಿತು. ಹಗ್ಗ ಬಿಗಿಯಿತು. ಮೀನು ಜಗ್ಗಿತು, ಚೌಕಟ್ಟು ವಾಲಲಿಲ್ಲ. ಮೀನು ಮಗುಚಿತು, ತಿರುಪು ಜರುಗಲಿಲ್ಲ. ತಲೆ ಬಂತು, ಹೊಟ್ಟೆ ಬಂತು. ಕರಿಜಟ ಬೆದರಿ ಓಡಿಬಂದು ಬಾಲಕ್ಕೆ ಜೋತುಬಿದ್ದು ಸಮುದ್ರದ ಕಡೆಗೆ ಎಳೆದ. ರಾಟೆ ಮೀನನ್ನೂ ಎಳೆಯಿತು, ಮಾಂತ್ರಿಕನನ್ನೂ ಎಳೆಯಿತು. ಸೂರ್ಯ ನೀರನ್ನು ಮುಟ್ಟುವ ಮೊದಲೇ ಬಾಲದ ತುದಿ ಒಣ ಮರಳಿಗೆ ಬಿತ್ತು.

ಮೀನು ಬೂದಿಯಾಯಿತು. ಆ ಬೂದಿಯೊಡನೆ ಕರಿಜಟನೂ ಗಾಳಿಗೆ ಹಾರಿಹೋದ. ಹುರುಪೆಗಳು ಉದುರಿ ಉದುರಿ ಮನುಷ್ಯರಾಗಿ ಎದ್ದವು. ಜಟ್ಟು ಮೈಮೇಲಿನ ಮರಳು ಕೊಡವಿಕೊಂಡು ತಂಗಿಯನ್ನು ಅಪ್ಪಿಕೊಂಡ. ಇಬ್ಬರೂ ಅತ್ತರು, ಆಮೇಲೆ ನಕ್ಕರು.

ಅಂದಿನಿಂದ ಪಡುಗರೆಯಲ್ಲಿ ಯಾರೂ ಯಾರ ಕಾಲಿಗೂ ಬೀಳದೆ ಸಮುದ್ರಕ್ಕೆ ಇಳಿದರು, ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಮನೆಮನೆಯಲ್ಲೂ ರಾಟೆ ಬಿಚ್ಚಿ ಕಂಚಿನ ತಿರುಪು ಹಾಕಿಸಿಕೊಂಡರು. ತುಳಸು ಮಾತ್ರ ಏಡಿಯ ಹೆಸರು ಹೇಳದೆ ಯಾರಿಗೂ ಒಂದು ತಿರುಪನ್ನೂ ಕೊಡಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ದಂಡೆಯಲ್ಲಿ ಜಟ್ಟು, ಹೊಳೆಯುತ್ತಿದ್ದ ಚೌಕಟ್ಟನ್ನು ಮುಟ್ಟಿ ನೋಡಿ ಕೇಳಿದ, "ದೊಡ್ಡಪ್ಪ, ಇದು ಅಜ್ಜನ ರಾಟೆಯಾ?"

"ಅಲ್ಲ," ಎಂದ ಬೀರಯ್ಯ, ಇಡೀ ಊರಿಗೆ ಕೇಳುವ ಹಾಗೆ. "ನಮ್ಮ ತುಳಸುವಿನ ರಾಟೆ."