ಕಿರುಚಾಟಕ್ಕೆ ಬಿಟ್ಟ ಜಾಗ

ಮೈಕಿನ ಸದ್ದು ಏರಿಸಿ ಇಳಿಸುವ ಗೇನ್ ನಾಬ್ ಮೇಲೆ ನನ್ನ ಹೆಬ್ಬೆರಳು. ಹೆಬ್ಬೆರಳಿನ ಮೇಲೆ ಚಿಟ್ಟೆಯ ಚಾಕು!

"ಕೈ ತೆಗೀರಿ ಅಕ್ಕಾ... ಬೆರಳು ಇನ್ನೂ ಬೇಕಲ್ಲ?"

ಚಿಟ್ಟೆ ಅಂದರೆ ಮಾಲೀಕನ ಬಾಲ. ಹೂವಿನ ಶರ್ಟು, ಅದಕ್ಕೇ ಆ ಹೆಸರು. ಮಾಲೀಕನದು ಪ್ಲಾಸ್ಟಿಕ್ ಫ್ಯಾಕ್ಟರಿ. ನನ್ನ ರೆಕಾರ್ಡಿಂಗ್ ರೂಮಿನಲ್ಲಿ ಮೈಕಿನ ಮುಂದೆ ಕೂತವಳು ಅಲ್ಲಿನ ಆಪರೇಟರ್ ಒಬ್ಬನ ಹೆಂಡತಿ. ಗಂಡ ಹೋದ ತಿಂಗಳು ಪ್ರೆಸ್ ಮಿಷನ್ನಿಗೆ ಸಿಕ್ಕಿ ಸತ್ತ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಆಗ ಮಿಷನ್ನಿಗೆ ಇರಲಿಲ್ಲ.

'ನಮ್ಮನೆಯವರೇ ಕುಡಿದು ಬಂದು ಗಾರ್ಡ್ ಬಿಚ್ಚಿದ್ರು.' ಇಷ್ಟನ್ನು ಅವಳ ಬಾಯಲ್ಲಿ ಹೇಳಿಸಿ ರೆಕಾರ್ಡ್ ಮಾಡಿಸಬೇಕು, ಅದು ಮಾಲೀಕನ ಹಟ. ಹೇಳಿದರೆ ಅವನ ಮೇಲೆ ಅವಳು ಹಾಕಿದ ಕೇಸು ಅಲ್ಲಿಗೆ ಮುಗಿಯಿತು.

ಅವಳು ಬಾಯೇ ಬಿಡಲಿಲ್ಲ.

ಮಾಲೀಕನಿಗೆ ರೇಗಿತು. ಮಿಕ್ಸರಿನಲ್ಲಿ ಸದ್ದು ಇಳಿಸುವ ಫೇಡರ್ ಗುಂಡಿಯನ್ನು ತಾನೇ ಸರ್ರನೆ ಕೆಳಗೆಳೆದ. ಹೆಡ್‌ಫೋನ್ ಮೂಕವಾಯಿತು. "ಆಫ್ ಆಯ್ತಲ್ಲ? ಈಗ ಮಾತಾಡೋಣ."

ನಾನು ಹೆಡ್‌ಫೋನ್ ತೆಗೆದಿಟ್ಟೆ.

ಕೇಳಿ... ನನ್ನ ರೂಮಿನಲ್ಲಿ ಫೇಡರ್ ಇಳಿಸಿದರೆ ಹೆಡ್‌ಫೋನಿಗೂ ಸ್ಪೀಕರಿಗೂ ಹೋಗುವ ಸದ್ದು ಮಾತ್ರ ನಿಲ್ಲುತ್ತದೆ. ಲ್ಯಾಪ್‌ಟಾಪಿಗೆ ಹೋಗುವ ತಂತಿಯನ್ನು ಫೇಡರಿಗಿಂತ ಮೊದಲೇ ಕವಲು ತೆಗೆದು, ರೆಕಾರ್ಡಿಂಗಿನ ಇಂಟರ್‌ಫೇಸ್ ಪೆಟ್ಟಿಗೆಗೆ ಕೊಟ್ಟಿದ್ದೇನೆ. ರೆಕಾರ್ಡಿಂಗ್ ಓಡುತ್ತಲೇ ಇತ್ತು!

ತೊಂದರೆ ಒಂದೇ. ಅವಳು ಪಿಸುಗುಟ್ಟಿದರೂ ಕೇಳಲಿ ಅಂತ ಲೆವೆಲ್ ಏರಿಸಿ ಇಟ್ಟಿದ್ದೆ. ಇವನು ಕಿರುಚುತ್ತಿದ್ದ. ಸದ್ದು ಮಿತಿ ಮೀರಿದರೆ ಹತ್ತುವ ಪೀಕ್ ಲೈಟು ಕೆಂಪು... ಕೆಂಪು... ಕೆಂಪು! ಹಾಗೆ ಒಡೆದ ಧ್ವನಿಯನ್ನು ಯಾವ ದೇವರೂ ಕೂಡಿಸಲಾರ. ಯಾರ ಧ್ವನಿಯೆಂದೂ ಹೇಳಲಾಗುವುದಿಲ್ಲ. ಗೇನ್ ಇಳಿಸಲೇಬೇಕು.

ಅದಕ್ಕೇ ಹೆಬ್ಬೆರಳು. ಅದಕ್ಕೇ ಚಾಕು.

"ಲೆವೆಲ್ ಹೊಂದಿಸ್ತಿದ್ದೀನಪ್ಪ," ಅಂದೆ. "ಈ ಅಮ್ಮ ಅಳೋಕೆ ಶುರು ಮಾಡಿದ್ರೆ ಧ್ವನಿ ಒಡೆಯತ್ತೆ. ಆಮೇಲೆ ಕೋರ್ಟಲ್ಲಿ ಕರ್ರ್ ಅಂತ ಕೇಳಿದ್ರೆ ನನ್ನನ್ನ ಬೈಬೇಡಿ."

"ಅಣ್ಣಾ?" ಚಿಟ್ಟೆ ಮಾಲೀಕನ ಕಡೆ ನೋಡಿದ.

"ಬಿಡೋ, ಅವಳ ಕೆಲಸ ಅದು." ಮಾಲೀಕ ನಕ್ಕ. "ನನ್ನ ಧ್ವನೀಲೇ ಹೊಂದಿಸ್ಕೊಳಮ್ಮ. ಕಾಲೇಜಲ್ಲಿ ನಾಟಕ ಮಾಡ್ದೋನು ನಾನು! ಒನ್ ಟೂ ಥ್ರೀ ಅನ್ಲಾ?"

"ಬೇಡ ಸಾರ್. ಮಾತಾಡೋ ಹಾಗೇ ಮಾತಾಡಿ. ಜೋರಾಗಿ."

ಮಾಲೀಕ ಅವಳ ಮುಂದಿದ್ದ ಮೈಕನ್ನು ಕಿತ್ತು ಬಾಯಿಗೇ ಒತ್ತಿಕೊಂಡ. ಐಸ್‌ಕ್ರೀಮ್ ನೆಕ್ಕುವವನ ಹಾಗೆ! ತುಟಿಯ ಮೂಲೆಯಲ್ಲಿ ನೊರೆ, ಬಾಯಲ್ಲಿ ಪುದೀನ ಗುಳಿಗೆ, ಅದರ ಹಿಂದೆ ಕೊಳೆತ ಹಲ್ಲಿನ ನಾತ. ಮೈಕಿಗೆ ಹಾಕಿದ ಸ್ಪಂಜಿನ ಮೇಲೆ ಎಂಜಲು ಹೊಳೆಯಿತು.

ಗೇನ್ ಇಳಿಸಿದೆ. ಸ್ವಲ್ಪ... ಇನ್ನೂ ಸ್ವಲ್ಪ. ಕೆಂಪು ಹೋಗಿ ಹಸಿರು ಬಂತು. ಇವನ ಕಿರುಚಾಟಕ್ಕೂ ಮೇಲೆ ಒಂದಿಷ್ಟು ಜಾಗ ಬಿಟ್ಟೆ.

ಆ ಹೆಂಗಸು ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ಕಣ್ಣು ಮಿಟುಕಿಸಿದೆ, ಅಷ್ಟೇ. ಚುರುಕು ಹೆಂಗಸು!

"ಸಾರ್, ನೀವು ಹೇಳಿದ್ದನ್ನೇ ಹೇಳ್ತೀನಿ," ಅಂದಳು. "ಅದಕ್ಕೆ ಮುಂಚೆ ಒಂದು ತಿಳಿಸಿ. ಗಾರ್ಡ್ ತೆಗೆಸಿದ್ದು ಯಾರು?"

"ನಾನೇ ಕಣೇ ತೆಗೆಸಿದ್ದು! ಅದಿದ್ರೆ ಮಿಷನ್ನು ನಿಧಾನ. ನಿನ್ನ ಗಂಡ ಬೇಡ ಸಾರ್ ಬೇಡ ಸಾರ್ ಅಂತ ಗೋಗರೆದ. ಆಗಲ್ಲ ಅಂದ್ರೆ ಮನೆಗೆ ಹೋಗು ಅಂದೆ. ಹೋಗ್ಬೇಕಿತ್ತು, ಹೋಗ್ಲಿಲ್ಲ. ಈಗ ನೀನು ಬಾಯಿ ಬಿಡ್ತೀಯೋ, ನಿನ್ನ ಮಗಳ ಸ್ಕೂಲ್ ಹತ್ರ ಚಿಟ್ಟೆನ ಕಳಿಸ್ಲೋ?"

ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಇವನು ಮಾತ್ರ ನನ್ನ ಕಡೆ ತಿರುಗಿ, "ಹೆಂಗಿತ್ತಮ್ಮ ಲೆವೆಲ್ಲು?" ಅಂದ.

ಥೂ!

"ಚೆನ್ನಾಗಿತ್ತು ಸಾರ್."

"ಅಣ್ಣಾ..." ಚಿಟ್ಟೆ ನನ್ನ ಹೆಗಲ ಮೇಲಿಂದ ಲ್ಯಾಪ್‌ಟಾಪಿನ ಕಡೆ ಬಗ್ಗಿದ್ದ. "ಇಲ್ಲೇನೋ ಗೆರೆ ಓಡ್ತಿದೆ!"

ಸೇವ್ ಒತ್ತಿದೆ. ಸ್ಪೀಕರ್ ಆನ್. ಫೇಡರ್ ಪೂರ್ತಿ ಮೇಲೆ!

ಮೈಕಿನ ಸದ್ದು ಸ್ಪೀಕರಿಗೆ, ಸ್ಪೀಕರಿನದು ಮತ್ತೆ ಮೈಕಿಗೆ... ಕೀಂಯ್ ಅಂತ ರೂಮೇ ಸೀಳಿತು. ಮಾಲೀಕ ಮೈಕ್ ಬಿಸಾಕಿ ಕಿವಿ ಮುಚ್ಚಿಕೊಂಡ. ಚಿಟ್ಟೆಯ ಚಾಕು ಕೆಳಗೆ ಬಿತ್ತು. ನಾನು ಲ್ಯಾಪ್‌ಟಾಪ್ ಕಿತ್ತುಕೊಂಡೆ, ಅವಳ ಕೈ ಹಿಡಿದೆ. ಓಡು!

ಮೆಟ್ಟಿಲು... ಗಲ್ಲಿ... ಹಿಂದೆ ಚಿಟ್ಟೆಯ ಬೂಟು! "ನಿಲ್ಲೇ!" ಹೊರಡುತ್ತಿದ್ದ ಬಸ್ಸಿನ ಕಂಬಿ ಸಿಕ್ಕಿತು. ಅವಳನ್ನು ಎಳೆದುಕೊಂಡೆ. ಚಿಟ್ಟೆ ಬಸ್ಸಿನ ಹೊಗೆ ಕುಡಿಯುತ್ತಾ ರಸ್ತೆಯಲ್ಲೇ ಉಳಿದ.

ಸೀಟಿನಲ್ಲಿ ಕೂತ ಮೇಲೆ ನೋಡಿದೆ. ಅವಳ ಮುಷ್ಟಿಯಲ್ಲಿ ನನ್ನ ಮೈಕು. ಸ್ಪಂಜಿನ ಸಮೇತ!

"ನೆಲದ ಮೇಲೆ ಬಿದ್ದಿತ್ತು," ಅಂದಳು. "ನಿಮ್ಮ ವಸ್ತು ಅಲ್ವಾ ಅಕ್ಕಾ?"

"ಆ ಸ್ಪಂಜನ್ನ ಆಚೆ ಎಸೀರಿ. ಅಸಹ್ಯ."

ಎಸೆಯಲು ಕೈ ಎತ್ತಿದಳು. ನಾನೇ ಗಪ್ಪನೆ ಹಿಡಿದೆ.

ಮರುದಿನ ಇನ್ಸ್‌ಪೆಕ್ಟರ್ ಮುಂದೆ ರೆಕಾರ್ಡಿಂಗ್ ಓಡಿತು. ಒಂದಕ್ಷರವೂ ಒಡೆದಿರಲಿಲ್ಲ. ಮಾಲೀಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಇದೆಲ್ಲ ಕಂಪ್ಯೂಟರಲ್ಲಿ ಹುಟ್ಟಿಸಿದ್ದು ಸಾರ್. ಧ್ವನಿ ನನ್ನದಲ್ಲ. ಇವಳ ರೂಮಿಗೆ ನಾನು ಕಾಲೇ ಇಟ್ಟಿಲ್ಲ!"

ಪ್ಲಾಸ್ಟಿಕ್ ಕವರನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟೆ. ಒಳಗೆ ಸ್ಪಂಜು.

"ಆಯ್ತು ಸಾರ್, ಧ್ವನಿ ನಿಮ್ಮದಲ್ಲ. ಈ ಎಂಜಲು ಯಾರದ್ದು?"