ಮೇಲಿನ ಅಗುಳಿ

ಬೆಳಿಗ್ಗೆ ೮.೧೦ಕ್ಕೆ ಠಾಣೆಗೆ ಓಡಿಬಂದ ಹೆಂಗಸಿನ ಕಾಲಲ್ಲಿ ಬೇರೆ ಬೇರೆ ಜೊತೆಯ ಚಪ್ಪಲಿಗಳಿದ್ದವು. ಐಸ್ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ ಅವಳ ಗಂಡ ಅಲ್ಲಿನ ಶೀತಲ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದ.

"ಒಂದೋ ಕಾವಲುಗಾರ ಬಾಗಿಲು ಹಾಕಿರ್ಬೇಕು, ಇಲ್ಲಾಂದ್ರೆ ಮೇಸ್ತ್ರಿ. ನಿನ್ನೆ ಸಂಜೆ ಅಲ್ಲಿದ್ದೋರು ಅವರಿಬ್ರೇ ಸಾರ್."

ಎಫ್‌ಐಆರ್ ದಾಖಲಾಯಿತು. ೯.೩೦ಕ್ಕೆ ಪಂಚನಾಮೆ. ಬಾಗಿಲಿನ ಒಳಮೈಗೆ ಕಟ್ಟಿದ್ದ ಹಿಮದಲ್ಲಿ ಮುಷ್ಟಿಯ ಗುರುತುಗಳಿದ್ದವು. ಅವು ಎದೆಮಟ್ಟದಿಂದ ಶುರುವಾಗಿ ನೆಲದವರೆಗೆ ಇಳಿದಿದ್ದವು.

ಕಾವಲುಗಾರ ಕುಳ್ಳ ಮುದುಕ. ಕೇಳುವ ಮೊದಲೇ ಅತ್ತ.

"ಐದಕ್ಕೆ ಚಿಲಕ ಹಾಕಿ ಮನೆಗೆ ಹೋದೆ. ಒಳಗೆ ಅವನಿದ್ದಾನೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ಮುಗೀತಲ್ಲ ಸಾರ್," ಎಂದ ಕಾನ್‌ಸ್ಟೇಬಲ್. "ಇವನು ಹಾಕಿದ್ದಾನೆ ಅಂದ್ಮೇಲೆ ಮೇಸ್ತ್ರಿ ಅಲ್ಲ."

"ಆತುರಗಾರನಿಗೆ ಬುದ್ಧಿ ಮಟ್ಟ ಕಣಯ್ಯ," ಎಂದ ಇನ್ಸ್‌ಪೆಕ್ಟರ್. "ಆಯಮ್ಮನ ಮಾತು ಬಿಡಿಸಿ ನೋಡು. ಕಾವಲುಗಾರ ಹಾಕದೇ ಇದ್ರೆ ಮೇಸ್ತ್ರಿ ಹಾಕಿದಾನೆ. ಮೇಸ್ತ್ರಿ ಹಾಕದೇ ಇದ್ರೆ ಕಾವಲುಗಾರ. ಅಷ್ಟೇ. ಒಬ್ಬ ಹಾಕಿದ್ರೆ ಇನ್ನೊಬ್ಬ ಹಾಕಿಲ್ಲ ಅಂತ ಎಲ್ಲಿ ಹೇಳಿದ್ಲು? ಇಬ್ರೂ ಹಾಕಿರಬಹುದು."

ಇನ್ಸ್‌ಪೆಕ್ಟರ್ ಶೀತಲ ಕೋಣೆಯ ಒಳಗೆ ಹೋಗಿ, ಹೊರಗಿನಿಂದ ಚಿಲಕ ಹಾಕಿಸಿಕೊಂಡ. ಒಳಗಿನ ಗುಂಡಿ ಒತ್ತಿದೊಡನೆ ಚಿಲಕ ಬಿಚ್ಚಿಕೊಂಡಿತು. ಬರೀ ಚಿಲಕವಿದ್ದಿದ್ದರೆ ಸತ್ತವನೂ ಹೀಗೇ ಹೊರಬರಬಹುದಿತ್ತು.

"ಬೆಳಿಗ್ಗೆ ಏನೇನು ತೆಗೆದೆ, ತಾತ?"

"ಚಿಲಕ... ಆಮೇಲೆ ಮೇಲಿನ ಅಗುಳಿ. ಅದು ನಂಗೆ ಎಟುಕಲ್ಲ ಸಾರ್. ಸ್ಟೂಲ್ ಹಾಕ್ಕೊಂಡು ತೆಗೆದೆ."

ಮಧ್ಯಾಹ್ನ ೩.೦೦ಕ್ಕೆ ಠಾಣೆಯಲ್ಲಿ ಮೇಸ್ತ್ರಿಯ ವಿಚಾರಣೆ.

"ಅಗುಳಿ ಹಾಕಿದ್ದು ಯಾರು?"

"ಗೊತ್ತಿಲ್ಲ." ಮೇಸ್ತ್ರಿ ಥಟ್ಟನೆ ತಿರುಗಿ ನೋಡಿದ. "ಯಾರೋ ಬಾಗಿಲು ಬಡೀತಿದ್ದಾರೆ."

ಕಾನ್‌ಸ್ಟೇಬಲ್ ಬಾಗಿಲು ತೆರೆದ. ಹೊರಗೆ ಯಾರೂ ಇರಲಿಲ್ಲ.

"ನಿನ್ನೆಯಿಂದ ಬಡೀತಾನೇ ಇದ್ದಾನೆ," ಎಂದು ಮೇಸ್ತ್ರಿ ಕಿವಿ ಮುಚ್ಚಿಕೊಂಡ. "ಮುದುಕ ಹೋದ್ಮೇಲೆ ನಾನೇ ಅಗುಳಿ ಎಳೆದೆ. ಬಡಿಯೋದು ನಿಲ್ಲೋವರೆಗೂ ಅಲ್ಲೇ ನಿಂತಿದ್ದೆ."

೪.೪೦ಕ್ಕೆ ಅವನನ್ನು ಬಂಧಿಸಲಾಯಿತು.

ಹಿಂದಿನ ವರ್ಷ ಅದೇ ಕಾರ್ಖಾನೆಯಲ್ಲಿ ಅನಿಲ ಸೋರಿ ಮೇಸ್ತ್ರಿಯ ಒಬ್ಬಳೇ ಮಗಳು ಸತ್ತಿದ್ದಳು. "ಒಂದೋ ವಾಲ್ವ್ ಕೆಟ್ಟಿರ್ಬೇಕು, ಇಲ್ಲಾ ಆಪರೇಟರ್ ಆಗಿದ್ದ ಅವನು ಅದನ್ನ ಮುಚ್ಚದೇ ಬಿಟ್ಟಿರ್ಬೇಕು. ವಾಲ್ವ್ ಸರಿಯಾಗಿದೆ ಅಂದ್ರು. ಇನ್ನೇನು ಉಳೀತು ಸಾರ್?" ಎಂದ ಮೇಸ್ತ್ರಿ.

ಇನ್ಸ್‌ಪೆಕ್ಟರ್ ಕಾರ್ಖಾನೆಯಿಂದ ಆ ಅಪಘಾತದ ಕಡತ ತರಿಸಿದ್ದ. ಕಾರ್ಖಾನೆಯವರು ಯಾರಿಗೂ ತೋರಿಸದ ಕೊನೆಯ ಹಾಳೆಯನ್ನು ಮೇಸ್ತ್ರಿಯ ಮುಂದಿಟ್ಟ. ವಾಲ್ವ್ ಮುಚ್ಚಿಯೇ ಇತ್ತು. ಗೋಡೆಯೊಳಗಿನ ಕೊಳವೆಯ ಬೆಸುಗೆ ಬಿಟ್ಟಿತ್ತು.

ಮೇಸ್ತ್ರಿ ಅದನ್ನು ಎರಡು ಸಲ ಓದಿದ.

"ಹಾಗಾದ್ರೆ ಅವನು ಮುಚ್ಚಿದ್ನಾ?"

"ಮುಚ್ಚಿದ್ದ," ಎಂದ ಇನ್ಸ್‌ಪೆಕ್ಟರ್.